ಹಿರೇಬಾವಿಗೆ ಹಾಕಿದ ತಂಬಾಕಿನ ಹೊಗೆ

"ಆ ಪುರಾಣ ಸಾಲ್ಯಾಗ ಹುಡುಗೂರಿಗೆ ಹೇಳು. ನನ್ನ ತೋಟದಾಗ ನಿಂತು ನನಗ ಹೇಳಬ್ಯಾಡ!"

"ಹೇಳ್ತೀನಿ! ನೂರು ಸಲ ಹೇಳ್ತೀನಿ! ಕಣ್ಣದಾವ, ಕಾಣೂದಿಲ್ಲ ನಿನಗ. ದ್ರಾಕ್ಷಿ ತಿನ್ನೂದು ಒಂದು, ನೀ ಕೊಲ್ಲಾಕ ಹೊಂಟಿದ್ದು ಇನ್ನೊಂದು!"

"ಬಾವಲಿ ಅಂದ್ರ ಬಾವಲಿ. ಅದರಾಗೇನು ಬೀಗರು ಬ್ಯಾರೆ, ಬಿಜ್ಜರು ಬ್ಯಾರೆ?"

"ಹಂಗಾದ್ರ ಹಾವು ಅಂದ್ರ ಹಾವು ಅಂತ ಕೇರೇಹಾವಿಗೂ ನಾಗರಹಾವಿಗೂ ಒಂದ ಬಡಗಿ ಎತ್ತತಿಯೇನು? ಹೊಲದಾಗ ಹುಟ್ಟಿ ಬೆಳದಾಂವ ನೀ. ನಾಚಿಕಿ ಬರಬೇಕು!"

ಕಸ್ತೂರೆವ್ವ ಬಳ್ಳಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಬಾವಲಿ ಕಚ್ಚಿ ಕೆಡಿಸಿದ ಗೊಂಚಲುಗಳನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಸಾಲಿನ ಆ ಕಡೆ ಗಂಡ ಮುರಗೆಪ್ಪ, ಈ ಕಡೆ ಧೂಳಪ್ಪ ಮಾಸ್ತರ. ನಡುವೆ ಅವಳು. ಇಬ್ಬರ ಬಾಯಿಗೂ ಬೀಗ ಹಾಕುವ ಶಕ್ತಿ ಅವಳಿಗಿರಲಿಲ್ಲ.

ಇದು ತೊಂಬತ್ತೆರಡನೆಯ ಇಸವಿಯ ಫೆಬ್ರುವರಿ ತಿಂಗಳ ಮಾತು. ಐಗಳಿಯ ಆಚೆ, ತೋಟದ ವಸ್ತಿಯಲ್ಲಿ ಮುರಗೆಪ್ಪನ ದ್ರಾಕ್ಷಿ ತೋಟ. ಕಾಯಿ ನೀರೇರಿ, ಸಕ್ಕರೆ ತುಂಬಿ, ಇನ್ನೇನು ಕೊಯ್ದು ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿಗೆ ಹಾಕಬೇಕು, ಅಂಥ ಹೊತ್ತು. ದಿನಾ ಬೆಳಿಗ್ಗೆ ಬಂದು ನೋಡಿದರೆ ಬಳ್ಳಿಯ ಕೆಳಗೆ ಜಗಿದು ಉಗುಳಿದ ಸಿಪ್ಪೆಯ ರಾಶಿ. ಮಗುವಿನ ಹಾಗೆ ಸಾಕಿದ ಬೆಳೆ. ಹೊಟ್ಟೆ ಉರಿಯದೆ ಇದ್ದೀತೆ?

ತೋಟದ ಬದುವಿನಲ್ಲೇ ಹಿರೇಬಾವಿ ಇತ್ತು. ಅಜ್ಜನ ಕಾಲದಲ್ಲಿ ಕಟ್ಟಿದ ಕಲ್ಲಿನ ಬಾವಿ. ಎತ್ತು ಹೂಡಿ ನೀರೆತ್ತುತ್ತಿದ್ದ ಕಾಲ ಹೋಗಿ ಬೋರು ಬಂದ ಮೇಲೆ ಅದು ಬತ್ತಿ ಹಾಳು ಬಿದ್ದಿತ್ತು. ಮೆಟ್ಟಿಲು ಇಳಿದು ಹೋದರೆ ಕಮಾನಿನ ಹಿಂದೆ ಕೋಣೆಯಂಥ ಪೊಟರೆ. ಹೊತ್ತು ಮುಳುಗುವಾಗ ಅದರ ಬಾಯಿಂದ ಬಾವಲಿಗಳು ಸಾಲುಗಟ್ಟಿ ಎದ್ದು, ದ್ರಾಕ್ಷಿ ತೋಟದ ಮೇಲೆಯೇ ಹಾದು ಹೋಗುತ್ತಿದ್ದವು. ಸಂಜೆ ಬಾವಲಿ ಹಾರುತ್ತದೆ, ಬೆಳಿಗ್ಗೆ ದ್ರಾಕ್ಷಿ ಇರುವುದಿಲ್ಲ. ಎರಡನ್ನೂ ಕೂಡಿಸಲು ಯಾರಿಗೆ ಲೆಕ್ಕ ಬರುವುದಿಲ್ಲ? ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಆದರೆ ಹಿರಿಯರ ಗಾದೆ ಹೇಳುವವರು ಊರ ತುಂಬ, ಕೇಳುವವರು ಒಬ್ಬರೂ ಇಲ್ಲ.

ಧೂಳಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಾಸ್ತರ. ಅವನ ಅಪ್ಪ ಇದೇ ತೋಟದಲ್ಲಿ ಜೀವನವಿಡೀ ಕೂಲಿ ಮಾಡಿ, ಮೊದಲ ಬಳ್ಳಿಗೆ ಕಂಬ ನೆಟ್ಟವನು. ಮುರಗೆಪ್ಪ, ಧೂಳಪ್ಪ ಒಂದೇ ತರಗತಿಯಲ್ಲಿ ಓದಿದವರು. ಧೂಳಪ್ಪನನ್ನು ಕಟ್ಟೆಯ ಮೇಲೆ ಕೂಡಿಸಿ ಮನೆಯ ಕಪ್ಪಿನಲ್ಲೇ ಚಹಾ ಕೊಡಬೇಕೆಂದು ಮುರಗೆಪ್ಪ ಹಟ ಹಿಡಿದಾಗ ಅವನ ತಾಯಿ ಒಂದು ಹಬ್ಬದಿಂದ ಇನ್ನೊಂದು ಹಬ್ಬದ ತನಕ ಮಗನೊಡನೆ ಮಾತು ಬಿಟ್ಟಿದ್ದಳು. ಮುರಗೆಪ್ಪ ಬಗ್ಗಿರಲಿಲ್ಲ. ಅಂಥ ಗೆಳೆತನ.

"ಇಲ್ಲಿ ನೋಡು," ಎಂದು ಧೂಳಪ್ಪ ಕಾಗದದಲ್ಲಿ ಕಟ್ಟಿ ತಂದಿದ್ದ ಬಾವಿಯ ಹಿಕ್ಕೆಯನ್ನು ಒಂದು ಕಲ್ಲಿನ ಮೇಲೆ ಸುರುವಿ, ಕಡ್ಡಿಯಿಂದ ಅರೆದ. "ದ್ರಾಕ್ಷಿ ತಿಂದದ್ದರ ಹಿಕ್ಕಿ ಹಿಂಗ ಇರತೈತೇನು? ವೈನಿ, ನೀವರೆ ನೋಡ್ರಿ. ಹೊಳ್ಯಾಕತ್ತೈತಿ. ಇದು ಹುಳದ ರೆಕ್ಕಿ. ದುಂಬಿ ಚಿಪ್ಪು. ಸಿಪ್ಪಿ ಎಲ್ಲೈತಿ? ತಿರುಳ ಎಲ್ಲೈತಿ?"

ಕಸ್ತೂರೆವ್ವ ಬಗ್ಗಿ ನೋಡಿದಳು. ಹೌದು, ಕಪ್ಪು ಪುಡಿಯಲ್ಲಿ ಅಭ್ರಕದ ಹಾಗೆ ಏನೋ ಮಿನುಗುತ್ತಿತ್ತು.

"ದ್ರಾಕ್ಷಿ ತಿನ್ನೂದು ದೊಡ್ಡ ಬಾವಲಿ. ನಾಯಿ ಮೋತಿದು. ಅದು ಗಿಡದಾಗ ಜೋತು ಬೀಳತೈತಿ, ದೂರದಿಂದ ಬರತೈತಿ. ಬಾವ್ಯಾಗಿಂದು ಕಣ್ಕಪ್ಪಡಿ, ಸಣ್ಣದು. ಹುಳಾ ತಿಂದ ಬದಕತೈತಿ. ನಿನ್ನ ಚಿಗುರ ಕಡಿಯೂ ಹುಳಾನ ತಿಂತೈತೋ ಮಾರಾಯಾ!"

"ನೀ ಅದರ ಹೊಟ್ಟ್ಯಾಗ ಹೊಕ್ಕು ನೋಡಿಯೇನು?" ಮುರಗೆಪ್ಪ ನಕ್ಕ. ಆ ನಗುವಿನಲ್ಲಿ ಸಿಟ್ಟೇ ಹೆಚ್ಚಿತ್ತು.

ಧೂಳಪ್ಪ ದನಿ ಇಳಿಸಿದ. "ಇನ್ನೊಂದು ಮಾತು ಐತಿ. ನಾ ಬ್ಯಾಟರಿ ಹಿಡಕೊಂಡು ಇಳದ ನೋಡೀನಿ. ಕಿವಿ ಹಿರೇವು, ಹಣಿ ಮ್ಯಾಲ ಒಂದಕ್ಕೊಂದು ಕೂಡ್ಯಾವ. ಬಾಲ ತೊಗಲಿನ ಹೊರಗ ಬಂದೈತಿ. ಬೆನ್ನ ಮ್ಯಾಲ, ಕುತಗಿ ಹತ್ರ ಬೂದಿ ಬಣ್ಣದ ಪಟ್ಟಿ. ಇಂಥಾ ಬಾವಲಿ ನಮ್ಮ ಬೆಳಗಾವಿ ಜಿಲ್ಹಾದಾಗ, ಖಾನಾಪುರದ ಅಡವ್ಯಾಗ ಒಂದು ಗವಿಯಾಗ ಐತಿ. ಯಾವನೋ ಇಂಗ್ಲಿಷ್ ಸಾಹೇಬನ ಹೆಸರು ಇಟ್ಟಾರ ಅದಕ್ಕ. ನಮ್ಮ ಮಾತಿನ್ಯಾಗ ಹೆಸರ ಇಲ್ಲ. ಆ ಗವಿ ಬಿಟ್ಟರ ಜಗತ್ತಿನ್ಯಾಗ ಇನ್ನೆಲ್ಲೂ ಸಿಕ್ಕಿಲ್ಲ ಅಂತ ಓದೀನಿ. ಇದು ಅದೇ ಅಂತ ನಾ ಹೇಳೂದಿಲ್ಲ. ನನಗ ಅಷ್ಟು ತಿಳಿಯೂದಿಲ್ಲ. ಆದರ ತಿಳದವರು ನೋಡಬೇಕು. ಬೆಳಗಾವಿ ಕಾಲೇಜಿನ ಜಿನಮತಿ ಬಾಯಾರು ಐತವಾರ ಬರ್ತಾರ. ಅಲ್ಲೀತನಾ ತಡಿ."

"ತಡದು? ಹುಲಿ ಹೊಡದ್ರ ಜೇಲು. ಬಾವಲಿ ಹೊಡದ್ರ ಸರ್ಕಾರ ಏನಂತೈತಿ?"

ಧೂಳಪ್ಪ ಸುಳ್ಳು ಹೇಳುವವನಲ್ಲ. ಹೇಳಿದ್ದರೆ ಚೆನ್ನಾಗಿತ್ತೇನೋ. "ಹಣ್ಣು ತಿನ್ನೂ ಬಾವಲೀನ ಕಾನೂನಿನ್ಯಾಗ ಇಲಿ, ಕಾಗಿ ಸಾಲಿನ್ಯಾಗ ಪೀಡಾ ಅಂತ ಬರದಾರ. ಹುಳಾ ತಿನ್ನೂವನ್ನ ಬರದ ಇಲ್ಲ. ಕೊಲ್ರಿ ಅಂತನೂ ಇಲ್ಲ, ಉಳಸ್ರಿ ಅಂತನೂ ಇಲ್ಲ."

"ಕೇಳಿದೇನ? ಸರ್ಕಾರಕ್ಕ ಬ್ಯಾಡಾದದ್ದು ನಿನಗ ಯಾಕ ಬೇಕು?"

"ಸರ್ಕಾರಕ್ಕ ನಮ್ಮಪ್ಪನೂ ಬೇಕಾಗಿರಲಿಲ್ಲ, ಮುರಗೆಪ್ಪಾ. ನನಗ ಬೇಕಾಗಿದ್ದ."

ಕಸ್ತೂರೆವ್ವ ಬುಟ್ಟಿ ಬದಿಗಿಟ್ಟು ಎದ್ದಳು. "ಐತವಾರ ಏನು ದೂರ ಐತೇನ್ರಿ? ಅಲ್ಲೀತನಾ ತಡೀರಿ. ಜಾಳಿಗಿ ಐತಿ, ಬಳ್ಳಿ ಮ್ಯಾಲ ಹಾಸೂನು. ಮಾಸ್ತರ ಇಷ್ಟು ಹೇಳಾಕತ್ತಾರ."

"ಹೂಂ," ಎಂದ ಮುರಗೆಪ್ಪ, ಗೆಳೆಯನ ಮುಖ ನೋಡದೆ. "ಐತವಾರತನಾ. ಆಮ್ಯಾಲ ನಿನ್ನ ಮಾತೂ ಕೇಳೂದಿಲ್ಲ, ನಿನ್ನ ಬಾಯಾರ ಮಾತೂ ಕೇಳೂದಿಲ್ಲ."

ಧೂಳಪ್ಪನಿಗೆ ಅಷ್ಟೇ ಸಾಕಿತ್ತು. ಪರೀಕ್ಷೆಯ ಕೆಲಸಕ್ಕೆಂದು ಅವನು ಅಥಣಿಗೆ ಹೋದ.

ಬೇಸ್ತವಾರ ಮಧ್ಯಾಹ್ನ ಕಸ್ತೂರೆವ್ವನ ತಮ್ಮ ಬಾಬಾಸಾಹೇಬ ಭೋಜದಿಂದ ಟೆಂಪೋ ತಂದ. ನಿಪ್ಪಾಣಿ ಸೀಮೆಯ ತಂಬಾಕಿನ ರೈತ. ಅಕ್ಕನಿಗೆ ಸೀರೆ ತರಲಿಲ್ಲ, ಕುಬಸ ತರಲಿಲ್ಲ. ಚೀಲ ಚೀಲ ತಂಬಾಕಿನ ಕಡ್ಡಿ ತಂದ.

"ದಾಜೀ, ಮೆಣಸಿನಕಾಯಿ ಹೊಗಿ ಇದರ ಮುಂದ ಕೂಸು," ಎಂದು ಚೀಲ ತಟ್ಟಿ ಭಾವನಿಗೆ ಹೇಳಿದ. "ನಮ್ಮ ವಖಾರಿನ್ಯಾಗ ಇದರ ಧೂಳಿಗೆ ಆಳಿನ ಹೆಂಗಸರು ಕೆಮ್ಮಿ ಕೆಮ್ಮಿ ನೆತ್ತಿ ಹಿಡಕೋತಾರ. ಬಾವಲಿ ಯಾವ ಗಿಡದ ತಪ್ಪಲ? ಬಾವಿ ಬಾಯಿ ಮುಚ್ಚಿ ಒಂದ ಹೊಗಿ ಹಾಕಿದ್ರ ಮುಗೀತು."

ಹೆಂಗಸರು ಕೆಮ್ಮುವ ಮಾತನ್ನು ಅವನು ಹೆಮ್ಮೆಯಿಂದ ಹೇಳಿದ್ದು ಕಸ್ತೂರೆವ್ವನಿಗೆ ಚುಚ್ಚಿತು. ಆದರೆ ತವರಿನವನು. ನುಂಗಿಕೊಂಡಳು.

"ಐತವಾರತನಾ ತಡೀಬೇಕು ಅಂತ ಮಾಸ್ತರಿಗೆ ಹೇಳೀನಿ," ಎಂದ ಮುರಗೆಪ್ಪ.

ಪಕ್ಕದ ತೋಟದ ಅಣ್ಣಾಸಾಬ ಆಗಲೇ ನಾಲ್ಕು ಜನರೊಡನೆ ಬಂದು ಕಟ್ಟೆಯ ಮೇಲೆ ಕೂತಿದ್ದ. ಊರಲ್ಲಿ ಎಲ್ಲಿ ಕಡ್ಡಿ ಗೀರಿದರೂ ಊದಲು ಬರುವ ಮನುಷ್ಯ. "ಅಲ್ಲೋ ಮುರಗೆಪ್ಪಾ, ಬಾವಲಿ ಲಗ್ನಕ್ಕ ಮಾಸ್ತರ ಐತವಾರದ ಮುಹೂರ್ತ ತಗದಾನೇನು? ನಾವೂ ಅಕ್ಕಿಕಾಳ ಹಾಕಾಕ ಬರ್ತೀವಿ, ಕರೀಪಾ! ಊಟಕ್ಕ ದ್ರಾಕ್ಷಿ ಹೆಂಗೂ ನಿಂದ ಐತಿ."

ಕಟ್ಟೆಯ ಮೇಲಿದ್ದವರೆಲ್ಲ ಹೋ ಎಂದು ನಕ್ಕರು. ನಗೆಗೆ ಹೆದರುವ ಗಂಡಸಿಗಿಂತ ದೊಡ್ಡ ಪುಕ್ಕಲ ಭೂಮಿಯ ಮೇಲಿಲ್ಲ. ತಾಯಿಯ ಮಾತಿಗೆ ಬಗ್ಗದ ಮುರಗೆಪ್ಪ ಅಣ್ಣಾಸಾಬನ ಕಿಸಿಕಿಸಿಗೆ ಬಗ್ಗಿದ. ಎದ್ದು ನಿಂತು ಹೆಂಡತಿಗೆ, "ಮಣೂಕದ ಶೆಡ್ಡಿನ ಜಾಳಿಗಿ ತಗೊಂಬಾ," ಎಂದ.

"ಮಾಸ್ತರಿಗೆ ಮಾತು ಕೊಟ್ಟೀರಿ."

"ಮಾತು ಮಣೂಕ ಆಗೂದಿಲ್ಲ. ತಾ ಅಂದೆ."

ತಂದುಕೊಟ್ಟಳು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಅವಳೇ ತಂದುಕೊಟ್ಟಳು. ಬಳ್ಳಿಯ ಮೇಲೆ ಹಾಸಬೇಕಾದ ಜಾಳಿಗೆ ಬಾವಿಯ ಬಾಯಿಗೆ ಹೋಯಿತು. ಗೋಡೆಯ ಸಂದುಗಳಿಗೆ ತುರುಕಲು ಹಳೆಯ ಸೀರೆಗಳನ್ನೂ ಕೊಟ್ಟಳು. ಆ ಸಿಪ್ಪೆಯ ರಾಶಿ ಅವಳ ಕಣ್ಣ ಮುಂದೆಯೂ ಇತ್ತಲ್ಲ. ಧೂಳಪ್ಪ ಕಲ್ಲಿನ ಮೇಲೆ ಅರೆದು ತೋರಿಸಿದ ಮಿನುಗು ಕೂಡ ಇತ್ತು. ಎರಡರಲ್ಲಿ ಅವಳು ಸಿಪ್ಪೆಯನ್ನು ನಂಬಿದಳು.

ಕಡ್ಡಿಗೆ ಬೆಂಕಿ ಇಟ್ಟು ಕಮಾನಿನ ಒಳಗೆ ತಳ್ಳಿದರು. ಹಳದಿ ಹೊಗೆ ಸುತ್ತಿಕೊಂಡು ಎದ್ದಿತು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಒಣ ಜೋಳದ ರವದಿ ತುಳಿದಂಥ ಸಪ್ಪಳ. ಆಮೇಲೆ ಜಾಳಿಗೆ ಕೆಳಗಿನಿಂದ ಉಬ್ಬಿತು, ಕುದಿಯುವ ಗಡಿಗೆಯ ಮುಚ್ಚಳದ ಹಾಗೆ ಎದ್ದು ಎದ್ದು ಬಿತ್ತು. ಬಾಬಾಸಾಹೇಬ ಅಂಚಿನ ಮೇಲೆ ಕಲ್ಲು ಹೇರಿದ. ಹೊತ್ತು ಇಳಿಯುವ ಹೊತ್ತಿಗೆ ಜಾಳಿಗೆ ತಣ್ಣಗಾಯಿತು. ಆ ಸಂಜೆ ಹಿರೇಬಾವಿಯಿಂದ ಏನೂ ಮೇಲೆ ಏಳಲಿಲ್ಲ.

ಮರುದಿನ ಸಲಿಕೆಯಿಂದ ಎತ್ತಿ ಬದುವಿನ ಆಚೆ ಗುಡ್ಡೆ ಹಾಕಿದರು. ಇಷ್ಟಿಷ್ಟೇ ಜೀವ, ಅಂಗೈಗಿಂತ ದೊಡ್ಡದಿಲ್ಲ. ಕಸ್ತೂರೆವ್ವ ಒಂದರ ಹತ್ತಿರ ಬಗ್ಗಿದಳು. ಹಣೆಯ ಮೇಲೆ ಕೂಡಿದ ಕಿವಿ. ತೊಗಲ ರೆಕ್ಕೆಯನ್ನು ಸೆರಗಿನ ಹಾಗೆ ಮುಚ್ಚಿಕೊಂಡಿತ್ತು. ಕಡ್ಡಿಯಿಂದ ಸರಿಸಿದರೆ ಒಳಗೆ, ಎದೆಗೆ ಕಚ್ಚಿಕೊಂಡು, ಕೂದಲು ಬಾರದ ಮರಿ. ಬಾಯಿ ಇನ್ನೂ ಮೊಲೆಯಲ್ಲೇ ಇತ್ತು.

"ಏ ಸರಿ ಅಕ್ಕಾ," ಎಂದ ಬಾಬಾಸಾಹೇಬ. ಸೀಮೆಎಣ್ಣೆ ಸುರುವಿ ಕಡ್ಡಿ ಗೀರಿದ.

ಐತವಾರ ಬೆಳಿಗ್ಗೆ ಧೂಳಪ್ಪ ನಗುತ್ತ ಬಂದ. ಜೊತೆಗೆ ಜಿನಮತಿ ಬಾಯಿ, ಕಾಗವಾಡದ ಕಡೆಯ ಜೈನರ ಮಗಳು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಹೆಗಲಿಗೆ ಚೀಲ, ಕೈಯಲ್ಲಿ ಬ್ಯಾಟರಿ. ಬದುವಿಗೆ ಬರುತ್ತಲೇ ಧೂಳಪ್ಪನಿಗೆ ವಾಸನೆ ಬಡಿಯಿತು. ಅವನು ಓಡಿದ. ಮೆಟ್ಟಿಲು ಇಳಿದು ಹೋದವನು ಬಹಳ ಹೊತ್ತು ಮೇಲೆ ಬರಲಿಲ್ಲ. ಬಂದಾಗ ಮುಖ ಮಸಿಯಾಗಿತ್ತು, ಕಣ್ಣು ಕೆಂಪಾಗಿದ್ದವು. ಅದು ಹೊಗೆಯ ಕೆಂಪೋ ಬೇರೆಯೋ, ಕಸ್ತೂರೆವ್ವ ಕೇಳಲಿಲ್ಲ.

ಜಿನಮತಿ ಬಾಯಿ ಬೂದಿಯ ಗುಡ್ಡೆಯ ಮುಂದೆ ಕೂತು ಚಿಮಟದಿಂದ ಕೆದಕಿದಳು. ಎತ್ತಿದ್ದೆಲ್ಲ ಉದುರಿ ಬಿತ್ತು.

"ಮಾಸ್ತರ ಹೇಳಿದ ಜಾತಿ ಇದೇ ಏನ್ರಿ ಬಾಯಾರ?" ಕಸ್ತೂರೆವ್ವ ಕೇಳಿದಳು.

"ಇರಬಹುದ್ರಿ. ಇರಲಿಕ್ಕೂ ಇಲ್ಲ. ಕಿವಿ ನೋಡಬೇಕು, ಸುಟ್ಟೈತಿ. ಬಾಲ ನೋಡಬೇಕು, ಸುಟ್ಟೈತಿ. ಹಲ್ಲು, ತಲಿಬುರುಡಿ ಹಿಡದ್ರ ಪುಡಿ ಆಗಾಕತ್ತಾವ. ಇನ್ನ ಯಾರ ಬಂದ್ರೂ ಹೇಳಾಕ ಬರೂದಿಲ್ಲ."

"ಒಂದರೆ ಹಿಡದ ಇಟ್ಟಿದ್ರ..." ಎಂದ ಧೂಳಪ್ಪ. ಅವನ ಮಾತು ಯಾರಿಗೆ ಎಂದು ತಿಳಿಯಲಿಲ್ಲ. "ಮರಿ ಇದ್ದು, ಹೆದರಸಬಾರದು ಅಂತ ಬಿಟ್ಟೆ. ನಾ ಒಂದು ಹಿಡದಿದ್ರ..."

"ಹೋಗ್ಲಿ ಬಿಡ್ರಿ, ಬ್ಯಾರೆ ಬಾವ್ಯಾಗ ಇರ್ತಾವ," ಎಂದ ಮುರಗೆಪ್ಪ. ದನಿಯಲ್ಲಿ ಮೊದಲಿನ ಬಿಗಿ ಇರಲಿಲ್ಲ.

ಜಿನಮತಿ ಬಾಯಿ ತಲೆ ಎತ್ತಿ ಅವನನ್ನೇ ನೋಡಿದಳು. "ಇರ್ತಾವ ಅಂತ ಯಾರು ಎಣಿಸ್ಯಾರ್ರಿ? ಹುಲಿ ಎಷ್ಟು ಉಳದಾವ ಅಂತ ಸರ್ಕಾರ ಎಣಸತೈತಿ. ಇವು ಮದಲ ಎಷ್ಟಿದ್ದು, ಎಲ್ಲಿದ್ದು, ಈಗ ಎಷ್ಟದಾವ, ಯಾರಿಗೂ ಗೊತ್ತಿಲ್ಲ. ಕಡಿಮಿ ಆಗ್ಯಾವ ಅಂತ ಅಳಾಕರೆ ಎಷ್ಟಿದ್ದು ಅಂತ ಗೊತ್ತಿರಬೇಕಲ್ಲ? ವರ್ಷಕ್ಕ ಒಂದ ಮರಿ ಹಾಕ್ತಾವ. ಇಲಿ ಅಲ್ಲ ಇವು, ಕಣ್ಣ ಮುಚ್ಚಿ ತೆರಿಯೂದ್ರಾಗ ಊರ ತುಂಬಾಕ. ನೀವು ಬೆಂಕಿ ಇಟ್ಟಿದ್ದು ಯಾವದಕ್ಕ ಅನ್ನೂದೂ ಯಾರಿಗೂ ತಿಳಿಯೂದಿಲ್ಲ ಇನ್ನ."

ಕಸ್ತೂರೆವ್ವ ಚಹಾ ತಂದಳು. ಯಾರೂ ಕುಡಿಯಲಿಲ್ಲ. ಧೂಳಪ್ಪ ಗೆಳೆಯನನ್ನು ಬೈಯಲಿಲ್ಲ. ಬೈದಿದ್ದರೆ ಮುರಗೆಪ್ಪನಿಗೆ ಒಂದು ದಾರಿ ಸಿಗುತ್ತಿತ್ತು, ತಿರುಗಿ ಬೈದು ಹಗುರಾಗುತ್ತಿದ್ದ.

ಆ ವರ್ಷ ಉಳಿದ ಬೆಳೆಗೆ ಬಾವಲಿ ಬರಲಿಲ್ಲ. ಕೃಷ್ಣೆಯ ದಂಡೆಯಲ್ಲಿ ಅತ್ತಿ, ಆಲ ಹಣ್ಣು ಬಿಟ್ಟಿದ್ದವು, ದೊಡ್ಡ ಬಾವಲಿಗಳು ಅತ್ತ ತಿರುಗಿದ್ದವು. ಇದು ಯಾರಿಗೂ ಹೊಳೆಯಲಿಲ್ಲ. ಮುರಗೆಪ್ಪನ ಹೊಗೆ ಕೆಲಸ ಮಾಡಿತು ಎಂದು ಸುದ್ದಿ ಹಬ್ಬಿತು. ಜೀಪು ಮಾಡಿಕೊಂಡು ಜನ ಬಂದರು. ಅಥಣಿ ಕಡೆಯವರು, ರಾಯಬಾಗ ಕಡೆಯವರು, ಹೊಳೆಯ ಆಚೆಯವರು. "ಹೆಂಗ ಹಾಕಿದ್ರಿ ಮುರಗೆಪ್ಪನವ್ರ? ಎಷ್ಟ ಹೊತ್ತು ಮುಚ್ಚಬೇಕ್ರಿ?" ಮೊದಮೊದಲು ಮುರಗೆಪ್ಪ ತಡವರಿಸಿದ. ಆಮೇಲೆ ಪೇಟ ಸುತ್ತಿಕೊಂಡು ಜೀಪಿನಲ್ಲಿ ಕೂತು ಹೋಗಿ ತಾನೇ ನಿಂತು ಮಾಡಿಸಿ ಬಂದ. ಶಾಲು ಹೊದಿಸಿದರು, ಕಾಯಿ ಕೊಟ್ಟರು. ಬಾಬಾಸಾಹೇಬನಿಗಂತೂ ತಂಬಾಕಿನ ಕಡ್ಡಿಗೂ ಗಿರಾಕಿ ಸಿಕ್ಕರು.

ಮೃಗಶಿರದ ಮಳೆ ಬಿದ್ದ ಮೇಲೆ ದುಂಬಿ ಎದ್ದವು. ಪ್ರತಿ ವರ್ಷವೂ ಏಳುತ್ತಿದ್ದವು, ಆ ವರ್ಷ ಮಿತಿ ಮೀರಿ ಎದ್ದವು. ಹೊತ್ತು ಮುಳುಗಿದರೆ ದೀಪದ ಸುತ್ತ ರಪರಪ, ಬೆಳಿಗ್ಗೆ ಬಳ್ಳಿಯ ಎಲೆ ಜರಡಿ. ಮುರಗೆಪ್ಪ ಔಷಧ ಹೊಡೆದ. ಮತ್ತೆ ಹೊಡೆದ. ಪಂಪು ಹೊತ್ತ ಆಳು ವಾಂತಿ ಮಾಡಿಕೊಂಡು ಬದುವಿನ ಮೇಲೆ ಬಿದ್ದ. ಬಾವಲಿ ಸತ್ತದ್ದಕ್ಕೇ ದುಂಬಿ ಹೆಚ್ಚಾದವು ಎಂದು ಆಣೆ ಮಾಡಿ ಹೇಳುವವರು ಯಾರೂ ಇಲ್ಲ, ಅದನ್ನೂ ಯಾರೂ ಎಣಿಸಿಲ್ಲ. ಆದರೆ ಸಂಜೆ ಹೊತ್ತು ಆಕಾಶ ಬರಿದಾಗಿರುವುದನ್ನು ಕಸ್ತೂರೆವ್ವ ದಿನವೂ ನೋಡುತ್ತಿದ್ದಳು. ಧೂಳಪ್ಪ ಆ ಕಡೆ ಬರುವುದನ್ನೇ ಬಿಟ್ಟಿದ್ದ. ಪೇಟೆಯಲ್ಲಿ ಸಿಕ್ಕರೆ "ಆರಾಮೇನ್ರಿ ವೈನಿ?" ಅನ್ನುವನು, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ.

ಮತ್ತೆ ಫೆಬ್ರುವರಿ ಬಂತು. ಮತ್ತೆ ಬಳ್ಳಿಯ ಕೆಳಗೆ ಸಿಪ್ಪೆ!

ಮುರಗೆಪ್ಪ ಬಾವಿಗೆ ಓಡಿದ. ಒಳಗೆ ಏನಿದೆ? ಮಸಿ ಹಿಡಿದ ಗೋಡೆ. ಒಂದು ಹಿಕ್ಕೆಯೂ ಇಲ್ಲ. ಅಂದು ಸಂಜೆ ಗಂಡ ಹೆಂಡತಿ ಇಬ್ಬರೂ ಬದುವಿನ ಮೇಲೆ ಕೂತರು. ಹಿರೇಬಾವಿ ಸುಮ್ಮನಿತ್ತು. ಕತ್ತಲು ಕವಿಯುವ ಹೊತ್ತಿಗೆ ಹೊಳೆಯ ಕಡೆಯಿಂದ ಬಂದವು. ಮೊರದಗಲ ರೆಕ್ಕೆ, ನಿಧಾನ ಬಡಿತ. ಒಂದು ಬಂದು ಗೊಂಚಲಿಗೆ ಜೋತುಬಿತ್ತು. ಮುರಗೆಪ್ಪ ಬ್ಯಾಟರಿ ಬಿಟ್ಟ. ನಾಯಿಯ ಮುಖ. ಕೆಂಚು ಕೂದಲು. ಬಾಯಲ್ಲಿ ದ್ರಾಕ್ಷಿ. ಧೂಳಪ್ಪ ಹೇಳಿದ್ದು ಅಕ್ಷರ ಅಕ್ಷರ.

"ಇದು... ಇವು ಅವಲ್ಲ," ಎಂದ ಮುರಗೆಪ್ಪ.

"ಅಲ್ರಿ," ಎಂದಳು ಕಸ್ತೂರೆವ್ವ. "ಅಂದೂ ಅಲ್ಲ, ಇಂದೂ ಅಲ್ಲ."

ಮುರಗೆಪ್ಪ ಕೆಟ್ಟವನಲ್ಲ. ಮರುದಿನವೇ ಹೊರಟ. ತಾನು ಶಾಲು ಹೊದಿಸಿಕೊಂಡ ಊರುಗಳಿಗೆಲ್ಲ ಹೋದ. ಬಹಳ ಕಡೆ ಕೆಲಸ ಮುಗಿದು ಹೋಗಿತ್ತು, ಬಾವಿಗಳು, ಹಾಳು ವಾಡೆಯ ನೆಲಮಾಳಿಗೆಗಳು ಮಸಿ ಹಿಡಿದು ನಿಂತಿದ್ದವು. ಉಳಿದ ಕಡೆ ನಕ್ಕರು. "ನಿಮ್ಮ ತೋಟ ನೀವು ಉಳಸ್ಕೊಂಡ್ರಿ, ಈಗ ನಮಗ ಬ್ಯಾಡ ಅಂತೀರೇನ್ರಿ? ಚಲೋ ಐತಿ ನಿಮ್ಮ ನ್ಯಾಯ!" ಎಂದರು. ನೆಟ್ಟವನೇ ಬಂದು ಕಿತ್ತರೂ ಕಳೆ ಹೋಗುವುದಿಲ್ಲ.

ಕಡೆಗೆ ಹೇಳಿ ಕಳಿಸಿ ಧೂಳಪ್ಪನನ್ನು ಕರೆಸಿದ. ಧೂಳಪ್ಪ ಬಂದ. ಕಟ್ಟೆಯ ತುದಿಯಲ್ಲಿ ಕೂತ.

"ತಪ್ಪಾತೋ," ಎಂದ ಮುರಗೆಪ್ಪ. ಹುಟ್ಟಿದಾಗಿನಿಂದ ಆಡದ ಮಾತು. "ನೀ ಹೇಳಿದ್ದ ಖರೆ. ಈಗ ನನ್ನ ಜೋಡಿ ಬಾ. ಇಬ್ರೂ ಕೂಡಿ ಊರೂರಿಗೆ ಹೋಗೂನು. ನೀ ಓದಿದಾಂವ, ನಿನ್ನ ಮಾತು ಕೇಳ್ತಾರ."

"ನಾ ಹೋಗಿದ್ದೆ," ಎಂದ ಧೂಳಪ್ಪ.

"ಯಾವಾಗ?"

"ವರ್ಷ ತುಂಬ. ನೀ ಜೀಪಿನ್ಯಾಗ ಹ್ವಾದಲ್ಲೆಲ್ಲಾ ನಾ ಸೈಕಲ್ ಮ್ಯಾಲ ಹ್ವಾದೆ. ಹಿಕ್ಕಿ ಅರದ ತೋರಿಸಿದೆ. ಕೈ ಮುಗದೆ. ಏನಂದ್ರು ಗೊತ್ತೈತೇನು? 'ನೀ ಯಾರ ಮಗ? ಮುರಗೆಪ್ಪನ ತೋಟದಾಗ ಕೂಲಿ ಮಾಡ್ತಿದ್ದನಲ್ಲ, ಅವನ ಮಗ ಅಲ್ಲೇನು? ಮುರಗೆಪ್ಪಗ ತಿಳೀದದ್ದು ನಿನಗ ತಿಳಿದೈತೇನು?' ನಿನ್ನ ಹೆಸರು ಹೇಳಿ ನನ್ನ ಹೊರಗ ಹಾಕಿದ್ರು, ಮುರಗೆಪ್ಪಾ. ಎಲ್ಲಾ ಊರಾಗೂ ನಿನ್ನ ಹೆಸರ ಹೇಳಿ."

ಮುರಗೆಪ್ಪ ನೆಲ ನೋಡಿದ. ತಾನು ಕಟ್ಟೆಯ ಮೇಲೆ ಕೂಡಿಸಿದ ಗೆಳೆಯನನ್ನು ತನ್ನ ಹೆಸರೇ ಊರೂರಿನ ಕಟ್ಟೆಯಿಂದ ಇಳಿಸಿತ್ತು.

"ನನಗ ಹೇಳ್ರಿ ಮಾಸ್ತರ," ಎಂದಳು ಕಸ್ತೂರೆವ್ವ. "ಗಂಡಸರು ಕೇಳದಿದ್ರ ಬಿಡ್ಲಿ. ಬಾವಿ ಬಾಯಿಗೆ ಜಾಳಿಗಿ ಕೊಟ್ಟಾಕಿ ನಾ. ಹೆಂಗಸರಿಗೆ ನಾ ಹೇಳ್ತೀನಿ. ಏನ ಹೇಳ್ಲಿ?"

ಧೂಳಪ್ಪ ಹೇಳಿದ. ಅವನ ದನಿಯಲ್ಲಿ ಆಸೆ ಇರಲಿಲ್ಲ, ಪಾಠ ಒಪ್ಪಿಸುವವನ ಹಾಗೆ ಹೇಳಿದ. ಅವನು ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇವೆ. ಓದುವವರು ಓದಿ, ಓದು ಬಾರದವರಿಗೆ ಕೂತು ಓದಿ ಹೇಳಿ.

ಬಾವಲಿ ಎಲ್ಲ ಒಂದೇ ಅಲ್ಲ. ನಾಯಿಮುಖದ ದೊಡ್ಡದು ಹಣ್ಣು ತಿನ್ನುತ್ತದೆ. ಬಾವಿ, ಗವಿ, ಹಾಳು ವಾಡೆಗಳಲ್ಲಿ ಇರುವ ಸಣ್ಣದು ಹುಳ ತಿನ್ನುತ್ತದೆ. ದ್ರಾಕ್ಷಿ ಉಳಿಯಬೇಕಾದರೆ ಕಾಯಿ ಮಾಗುವ ಹೊತ್ತಿಗೆ ಬಳ್ಳಿಯ ಮೇಲೆ ಜಾಳಿಗೆ ಹಾಸಿ, ಜೀವ ಸಿಕ್ಕಿ ಸಾಯದ ಹಾಗೆ ಬಿಗಿಯಾಗಿ ಎಳೆದು ಕಟ್ಟಿ. ಬಾವಿಗೆ ಹೊಗೆ ಹಾಕಬೇಡಿ. ಹಾಕಿದರೆ ನಿಮ್ಮ ಬೆಳೆಯೂ ಉಳಿಯುವುದಿಲ್ಲ, ಅವೂ ಉಳಿಯುವುದಿಲ್ಲ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮರಿ ಇರುವ ಕಡೆ ಹೋಗಿ ಗದ್ದಲ ಮಾಡಬೇಡಿ. ಕಂಡರಿಯದ ಬಾವಲಿ ಕಂಡರೆ ಹತ್ತಿರದ ಕಾಲೇಜಿಗೆ, ಅರಣ್ಯ ಇಲಾಖೆಗೆ ತಿಳಿಸಿ. ಅವರು ತಡವಾಗಿ ಬಂದಾರು. ನೀವು ತಡೆಯಿರಿ. ಯಾವ ಜೀವ ಅಳಿದು ಹೋಗುತ್ತಿದೆ ಎಂದು ಗೊತ್ತಿದೆಯೋ ಅದಕ್ಕೆ ಅಳುವವರಾದರೂ ಇದ್ದಾರೆ. ಹೆಸರೇ ಇಲ್ಲದ, ಲೆಕ್ಕವೇ ಇಲ್ಲದ ಜೀವಕ್ಕೆ ನಿಮ್ಮ ಊರಿನ ಬಾವಿಯೇ ದಿಕ್ಕು, ನೀವೇ ದಿಕ್ಕು. ಕಟ್ಟೆಯ ಮೇಲೆ ಕೂತು ನಗುವವರ ಮಾತು ಕೇಳಿ ಕೊಟ್ಟ ಮಾತು ಮುರಿಯಬೇಡಿ. ನಗುವವರು ಸಂಜೆಗೆ ಎದ್ದು ತಮ್ಮ ಮನೆಗೆ ಹೋಗುತ್ತಾರೆ.

ಇಷ್ಟು ಹೇಳಿ ಧೂಳಪ್ಪ ಎದ್ದ.

"ಇನ್ನೂ ಎಲ್ಲ್ಯಾರೆ ಉಳದಿರಬಹುದೋ," ಎಂದ ಮುರಗೆಪ್ಪ, ಬೇಡುವವನ ಹಾಗೆ. "ಯಾವದರೆ ಒಂದ ಬಾವ್ಯಾಗ?"

"ಗೊತ್ತಿಲ್ಲ," ಎಂದ ಧೂಳಪ್ಪ.

"ಉಂಡ ಹೋಗ್ರಿ ಮಾಸ್ತರ," ಎಂದಳು ಕಸ್ತೂರೆವ್ವ. "ರೊಟ್ಟಿ ಬಡದೀನಿ."

ಅವನು ಸೈಕಲ್ಲಿನ ಸ್ಟ್ಯಾಂಡು ಒದ್ದು, ಹತ್ತದೆ, ಕೈಯಲ್ಲಿ ನೂಕಿಕೊಂಡೇ ಬದುವಿನ ಮೇಲೆ ನಡೆದ. ಮುರಗೆಪ್ಪ ಹೆಸರು ಹಿಡಿದು ಎರಡು ಸಲ ಕೂಗಿದ. ಧೂಳಪ್ಪ ತಿರುಗಲಿಲ್ಲ. ಜೂನಿನಲ್ಲಿ ಅವನಿಗೆ ಚಿಕ್ಕೋಡಿಯ ಕಡೆ ವರ್ಗವಾಯಿತು, ತಾನೇ ಕೇಳಿ ಪಡೆದದ್ದು ಎಂದು ಜನ ಹೇಳಿದರು. ಆ ತೋಟಕ್ಕೆ ಅವನು ಮತ್ತೆ ಬರಲಿಲ್ಲ.